ಒಂದೇ ಕಾರು, ನಾಲ್ಕು ವೈರಿಂಗ್: 8 ಓಮ್‌ನಿಂದ 1 ಓಮ್‌ವರೆಗೆ

ನನ್ನ ಹಳೇ ಹ್ಯಾಚ್‌ಬ್ಯಾಕ್‌ನ ಡಿಕ್ಕಿಯಲ್ಲಿ 12 ಇಂಚಿನ ಒಂದು ಸಬ್‌ವೂಫರ್ ಇದೆ, ಅಂದರೆ ಬೇಸ್ ಸದ್ದಿಗೇ ಇರುವ ದೊಡ್ಡ ಸ್ಪೀಕರ್. ಚಿಕ್ಕದಾಗಿ ಸಬ್. ಅದಕ್ಕೆ ಎರಡು ವಾಯ್ಸ್ ಕಾಯಿಲ್ (ಮುಂದಿನ ಬಟ್ಟಲಿನಂಥ ಕೋನ್ ಅಲುಗಿಸುವ ತಂತಿ ಸುರುಳಿ), ಒಂದೊಂದೂ 4 ಓಮ್. ಓಮ್ ಅಂದರೆ ಕರೆಂಟಿಗೆ ಇರುವ ಅಡ್ಡಿಯ ಅಳತೆ. ಸೀಟಿನ ಅಡಿ ಮೋನೊ ಆಂಪ್, ಅಂದರೆ ಒಂದೇ ಚಾನೆಲ್‌ನ ಆಂಪ್ಲಿಫೈಯರ್. ಅದರ ಮೇಲೆ ಬರೆದಿರುವುದು 4 ಓಮ್‌ಗೆ 300 ವಾಟ್, 2 ಓಮ್‌ಗೆ 500 ವಾಟ್. 2ಕ್ಕಿಂತ ಕೆಳಗೆ ಇಳಿಸಬಾರದು.

ಕಾಪುವಿನಲ್ಲಿರುವ ಅಕ್ಕನ ಗಂಡ, ಅಂದರೆ ಭಾವನದ್ದು ಒಂದೇ ಮಂತ್ರ. "ಓಮ್ ಕಡಿಮೆ ಮಾಡು ಮಾರಾಯ, ಬೇಸ್ ತಾನಾಗಿ ಬರ್ತದೆ." ಅವರ ಹತ್ತಿರವೂ ಇದೇ ಮಾಡೆಲ್ ಸಬ್ ಇನ್ನೊಂದು ಉಂಟು. ಹಾಗಾಗಿ ಸುರತ್ಕಲ್‌ನ ನಮ್ಮ ಮನೆಯಂಗಳದಲ್ಲಿ ಕೆಲವು ಭಾನುವಾರ ಬೇರೆ ಬೇರೆ ಥರ ಜೋಡಿಸಿ ಕೇಳಿದೆವು. ಹಾಕಿದ್ದು ಹುಲಿವೇಷದ ಬ್ಯಾಂಡಿನ ರೆಕಾರ್ಡಿಂಗ್. ಸಣ್ಣ ವಾದ್ಯ ತಾಸೆಯ ಚಟಚಟ ಬಾಗಿಲಿನ ಸ್ಪೀಕರ್‌ಗೆ ಸಾಕು, ಡೋಲಿನ ಗುಮ್ ಮಾತ್ರ ಹಿಂದಿನಿಂದಲೇ ಬರಬೇಕು.

ಮೊದಲು ಸೀರೀಸ್. ಒಂದು ಕಾಯಿಲ್‌ನ ಮೈನಸ್ಸಿನಿಂದ ಇನ್ನೊಂದರ ಪ್ಲಸ್ಸಿಗೆ ವೈರ್ ಎಳೆದರೆ 4 ಮತ್ತು 4 ಕೂಡಿ 8 ಓಮ್. ಹಾಡು ಹಾಕಿದರೆ ಸದ್ದೇ ಇಲ್ಲ! ಸಬ್ ಸತ್ತಿತು ಅಂದುಕೊಂಡೆ. ಆಮೇಲೆ ಗೋಡೆ ಗಡಿಯಾರದಿಂದ 1.5 ವೋಲ್ಟ್ ಸೆಲ್ ಕಿತ್ತು ತಂದು ಸಬ್‌ನ ವೈರಿಗೆ ಮುಟ್ಟಿಸಿದೆ. ಸರಿಯಾಗಿ ಜೋಡಿಸಿದ್ದರೆ ಕೋನ್ ಟಕ್ ಅಂತ ಹೊರಗೆ ಬರಬೇಕು. ಇಲ್ಲಿ ಕದಲಲಿಲ್ಲ. ಎರಡನೇ ಕಾಯಿಲ್ ತಿರುಗುಮುರುಗಾಗಿತ್ತು. ಒಂದು ಕಾಯಿಲ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತಿತ್ತು. ಸರಿ ಮಾಡಿದ ಮೇಲೆ ಸದ್ದು ಬಂತು, ಆದರೆ ಸಪ್ಪೆ. ಮನೆ ಮುಂದೆ ನಿಂತಾಗ ಅಡ್ಡಿಯಿಲ್ಲ. ಹೆದ್ದಾರಿ 66ರಲ್ಲಿ ಕಿಟಕಿ ಇಳಿಸಿ ಮುಲ್ಕಿ ಕಡೆ ಹೊರಟರೆ ಡೋಲು ಎಲ್ಲಿ ಹೋಯಿತು ಅಂತ ಹುಡುಕಬೇಕು. ಆಂಪ್ ಮಾತ್ರ ತಣ್ಣಗಿತ್ತು.

ಮುಂದಿನದ್ದು ಪ್ಯಾರಲಲ್. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. 4 ಓಮ್ ಅರ್ಧವಾಗಿ 2 ಓಮ್. ವ್ಯತ್ಯಾಸ ಮೊದಲ ಪೆಟ್ಟಿಗೇ ಗೊತ್ತಾಯಿತು. ಆಂಪಿನ ನಾಬ್ ಮುಟ್ಟಿಲ್ಲ. ಹೊರಗೆ ಬರುವ ವೋಲ್ಟೇಜ್ ಅಷ್ಟೇ, ಓಮ್ 8ರಿಂದ 2ಕ್ಕೆ ಇಳಿದು ಕಾಲು ಭಾಗವಾಯಿತು, ಹಾಗಾಗಿ ಪವರ್ ನಾಲ್ಕು ಪಟ್ಟು. ಕಿವಿಗೆ ನಾಲ್ಕು ಪಟ್ಟು ಅನಿಸುವುದಿಲ್ಲ, ಸದ್ದಿನ ಅಳತೆಯಲ್ಲಿ ಅದು 6 ಡೆಸಿಬೆಲ್ ಅಷ್ಟೇ. ಆದರೂ ಸೀಟಿಗೆ ಒರಗಿದ ಬೆನ್ನಿಗೆ ಗೊತ್ತಾಗುತ್ತದೆ.

ಇಲ್ಲಿ ಭಾವ ಮಲ್ಟಿಮೀಟರ್ ಹಿಡಿದು ಗಲಾಟೆ ಶುರು ಮಾಡಿದರು. "2 ಅಂತ ಹೇಳಿ 1.8 ತೋರಿಸ್ತದೆ, ಡುಪ್ಲಿಕೇಟ್ ಮಾಲು!" ಅಲ್ಲ. ಮೀಟರ್ ಅಳೆಯುವುದು ಕಾಯಿಲ್ ತಂತಿಯ ಬರೀ ಡಿಸಿ ರೆಸಿಸ್ಟೆನ್ಸ್. 4 ಓಮ್ ಕಾಯಿಲ್ ಮೂರೂವರೆ ಆಸುಪಾಸು ತೋರಿಸುವುದೇ ಸರಿ. ಹಾಡು ಓಡುವಾಗ ಇಂಪೀಡೆನ್ಸ್, ಅಂದರೆ ಕಾಯಿಲ್‌ನ ಒಟ್ಟು ಅಡ್ಡಿ, ಒಂದೊಂದು ಸ್ವರಕ್ಕೆ ಒಂದೊಂದು ಥರ ಇರುತ್ತದೆ, ಸಬ್ ಇರುವ ಪೆಟ್ಟಿಗೆ ತಾನೇ ಮೊಳಗುವ ಸ್ವರದ ಹತ್ತಿರ ಹಲವು ಪಟ್ಟು ಏರುತ್ತದೆ. 4, 8 ಅನ್ನುವುದು ಲೆಕ್ಕಕ್ಕೆ ಇಟ್ಟ ಸಂಖ್ಯೆ.

ಈ 2 ಓಮ್‌ನಲ್ಲೇ ನನಗೆ ಬುದ್ಧಿ ಬಂದದ್ದು. ಪ್ರತಿ ಡೋಲಿನ ಪೆಟ್ಟಿಗೂ ಹೆಡ್‌ಲೈಟ್ ಮಂಕಾಗುತ್ತಿತ್ತು. 500 ವಾಟ್ ಪೂರ್ತಿ ಹೊಡೆದಾಗ ಆಂಪ್ ಸುಮಾರು 45 ಆಂಪಿಯರ್ ಎಳೆಯುತ್ತದೆ. ನಾನು ಕಿಟ್ ಜೊತೆ ಬಂದ 8 ಗೇಜ್ ವೈರ್ ಹಾಕಿದ್ದೆ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ). ಕೊಟ್ಟವರು ತಾಮ್ರ ಅಂದಿದ್ದರು. ಬ್ಲೇಡಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಅಂಥ ವೈರಿನ ರೆಸಿಸ್ಟೆನ್ಸ್ ಶುದ್ಧ ತಾಮ್ರದ ಒಂದೂವರೆ ಪಟ್ಟು. ಬ್ಯಾಟರಿಯಿಂದ ಆಂಪಿಗೆ 5 ಮೀಟರ್ ಅಂದರೆ 0.016 ಓಮ್. ಏನೂ ಅಲ್ಲ ಅನಿಸುತ್ತದೆ ಅಲ್ವಾ? 45 ಆಂಪಿಯರ್‌ಗೆ ಗುಣಿಸಿ ನೋಡಿ, ಮುಕ್ಕಾಲು ವೋಲ್ಟ್ ದಾರಿಯಲ್ಲೇ ಖಾಲಿ. ಅರ್ತ್ ವೈರ್ ಇನ್ನೂ ಕೆಟ್ಟದಾಗಿತ್ತು. ಸೀಟಿನ ಬೋಲ್ಟಿಗೆ ಪೇಂಟ್ ಮೇಲೆಯೇ ಬಿಗಿದಿದ್ದೆ. ಸಮುದ್ರ ಹತ್ತಿರ, ಒಂದು ಮಳೆಗಾಲ ಕಳೆದಿತ್ತು. ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್‌ನ ಅಡಿಯಲ್ಲಿ ಹಸಿರು ಪುಡಿ, ಅದರ ಅಡಿಯಲ್ಲಿ ತುಕ್ಕು.

ಸ್ಯಾಂಡ್ ಪೇಪರ್ ಹಾಕಿ ಲೋಹ ಹೊಳೆಯುವ ತನಕ ಉಜ್ಜಿದೆ. ಹೊಸ ಲಗ್ ಬಿಗಿದು ಮೇಲೆ ಗ್ರೀಸ್ ಬಳಿದೆ. 4 ಗೇಜ್ ಶುದ್ಧ ತಾಮ್ರ ಎಳೆದೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಮೊದಲು ಜೋರು ಪೆಟ್ಟಿಗೆ ಆಂಪಿನ ಬಾಯಲ್ಲಿ 12.3 ವೋಲ್ಟ್ ಇದ್ದದ್ದು ಈಗ 13.4.  ಡೋಲಿನ ಪೆಟ್ಟು ಎಳೆದಂತೆ ಬರುತ್ತಿದ್ದದ್ದು ಗಟ್ಟಿಯಾಯಿತು. ಸಬ್‌ನಲ್ಲಿ ಓಮ್ ಕಡಿಮೆ ಮಾಡುವುದು ಸುಲಭ, ವೈರಿನಲ್ಲಿ ಕಡಿಮೆ ಮಾಡದೆ ಅದು ಮಾಡಿದರೆ ಸುಮ್ನೆ.

1 ಓಮ್ ಭಾವನ ಸಾಹಸ. ಎರಡೂ ಸಬ್‌ಗಳನ್ನು 2 ಓಮ್ ಮಾಡಿ, ಆಂಪ್‌ನಲ್ಲಿದ್ದ ಎರಡು ಜೋಡಿ ಟರ್ಮಿನಲ್‌ಗೆ ಒಂದೊಂದನ್ನು ಕೊಟ್ಟರು. "ಬೇರೆ ಬೇರೆ ತೂತು ಉಂಟಲ್ಲ!" ಮೋನೊ ಆಂಪಿನಲ್ಲಿ ಆ ಎರಡು ಜೋಡಿ ಒಳಗೆ ಒಂದೇ. ಹಾಗಾಗಿ 1 ಓಮ್. ಹತ್ತು ನಿಮಿಷಕ್ಕೆ ಕೆಂಪು ಲೈಟ್ ಬಂದು ಸದ್ದು ಕಟ್. ಆಂಪ್ ಮುಟ್ಟಿದರೆ ಕಾವಲಿಯ ಹಾಗೆ. ಪ್ರೊಟೆಕ್ಷನ್ ಇತ್ತು, ಬಚಾವ್.

ಕೊನೆಯದು ನನಗೆ ತುಂಬಾ ಹಿಡಿಸಿತು. ಪ್ರತಿ ಸಬ್‌ನ ಕಾಯಿಲ್ ಸೀರೀಸ್‌ನಲ್ಲಿ 8, ಎರಡು ಸಬ್ ಪ್ಯಾರಲಲ್ ಆಗಿ 4 ಓಮ್. ಆಂಪ್ ಕೊಡುವುದು 300 ವಾಟ್, ಒಂದೇ ಸಬ್‌ನ 500ಕ್ಕಿಂತ 2 ಡೆಸಿಬೆಲ್ ಕಡಿಮೆ. ಆದರೆ ಒಂದರ ಬದಲು ಎರಡು ಕೋನ್ ಗಾಳಿ ತಳ್ಳುತ್ತವೆ, ಅದರಿಂದ ಹತ್ತಿರ ಹತ್ತಿರ 3 ಡೆಸಿಬೆಲ್ ವಾಪಸ್. ಸದ್ದು ಅಷ್ಟೇ, ಆಂಪ್ ಬೆಚ್ಚಗೆ ಮಾತ್ರ, ಆಲ್ಟರ್ನೇಟರಿಗೂ ಕಷ್ಟವಿಲ್ಲ. ಡೋಲು ದುಂಡಗೆ ಕೇಳಿಸಿತು. ದೊಡ್ಡ ಕಾರು ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನನ್ನದು ದೊಡ್ಡ ಕಾರಲ್ಲ. ಎರಡು ಪೆಟ್ಟಿಗೆ ಇಟ್ಟರೆ ಡಿಕ್ಕಿ ಮುಚ್ಚುವುದೇ ಕಷ್ಟ. ಶನಿವಾರ ಅಮ್ಮ ಕುಚ್ಚಲಕ್ಕಿ ಗೋಣಿ ತರಿಸಿದರು, ಅದಕ್ಕೆ ಜಾಗ ಇಲ್ಲ. ಭಾವನ ಸಬ್ ಕಾಪುವಿಗೆ ವಾಪಸ್ ಹೋಯಿತು. ನಾನು 2 ಓಮ್‌ನಲ್ಲೇ ಓಡಿಸುತ್ತಿದ್ದೇನೆ, ಗೋಣಿ ಪೆಟ್ಟಿಗೆಗೆ ಒತ್ತಿಕೊಂಡು ಕೂತಿದೆ. ಡಿಕ್ಕಿಯ ಪ್ಲಾಸ್ಟಿಕ್ ಕಟಕಟ ಅನ್ನುತ್ತಿದ್ದದ್ದು ಅದರಿಂದ ನಿಂತಿದೆ.