ಅನಿಮೋನ್ ಜೊತೆ ಮಾರುವ ‘ಸೆಟ್’: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದು ದಂಡ

ಉಪ್ಪುನೀರಿನ ಟ್ಯಾಂಕಿಗೆ ಅನಿಮೋನ್ (ಕಲ್ಲಿಗೆ ಬುಡ ಅಂಟಿಸಿಕೊಂಡು ಹೂವಿನಂತೆ ಅರಳುವ ಕಡಲ ಪ್ರಾಣಿ) ಕೊಳ್ಳಲು ಹೋದರೆ ಜೊತೆಗೆ ಒಂದು ‘ಸೆಟ್’ ಕೂಡ ತಗೊಳ್ಳಿ ಎಂದು ಮಾರುವವರು ಹೇಳುವುದುಂಟು. ಬ್ರ್ಯಾಂಡಿನ ಹೆಸರಿಲ್ಲದ ಸಾಮಾನು. ಒಳಗೆ ಇರುವುದು ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡುವ ಡ್ರಿಪ್ ಟ್ಯೂಬು, ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್, ಪಂಪಿನ ಬಾಯಿಗೆ ಹಾಕುವ ಸ್ಪಂಜಿನ ಕವಚ, ಗಾಜಿಗೆ ಅಂಟಿಸುವ ಜಾಲರಿ ಡಬ್ಬಿ, ಮತ್ತೆ ಒಂದು ಬಾಟ್ಲಿ ಟಾನಿಕ್. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿದು ಈ ವಿಮರ್ಶೆ ಬರೆದಿದೆ. ಕಲ್ಲು, ಮರಳು ಕಳೆದರೆ ಅದರಲ್ಲಿ ನೀರು ಹಿಡಿಯುವುದು 50 ಲೀಟರಿನ ಒಳಗೆ. 100 ಲೀಟರ್ ಇದ್ದರೆ ಕೆಲಸ ಎಷ್ಟೋ ಸುಲಭ, ಆದರೆ ಕಾಸರಗೋಡು, ಕುಂಬಳೆ ಕಡೆಯ ಮನೆಯ ಚಾವಡಿಯಲ್ಲಿ ಎರಡಡಿಯದ್ದೇ ಸುಲಭವಾಗಿ ಹಿಡಿಸುವುದು.

ತೀರ್ಪು ಮೊದಲೇ ಹೇಳುವುದಾದರೆ, ಕವಚ ಮತ್ತು ರಿಫ್ರಾಕ್ಟೋಮೀಟರ್ ಬೇಕೇ ಬೇಕು. ಡ್ರಿಪ್ ಟ್ಯೂಬು ಒಳ್ಳೆಯದೇ, ಆದರೆ ಅದನ್ನು ನೇರವಾಗಿ ಅನಿಮೋನ್ ಬಂದ ಚೀಲದೊಳಗೆ ಬಿಡುವ ರೂಢಿಯ ಕ್ರಮ ದೂರದಿಂದ ಬಂದ ಅನಿಮೋನಿಗೆ ಅಪಾಯ. ಡಬ್ಬಿ ಮತ್ತು ಟಾನಿಕ್ ಬೇಡ.

ಇನ್ನೊಂದು ಮಾತು. ಟ್ಯಾಂಕು ಓಡಲು ತೊಡಗಿ ಆರು ತಿಂಗಳಾದರೂ ಆಗಿರದಿದ್ದರೆ ಈ ಸೆಟ್ ತಂದು ಪ್ರಯೋಜನವಿಲ್ಲ. ಕಸದಿಂದ ಬರುವ ಅಮೋನಿಯಾ, ನೈಟ್ರೈಟ್ ಎಂಬ ವಿಷಗಳು ಸೊನ್ನೆಗೆ ಬಂದ ಕೂಡಲೇ ಮೀನು ಹಾಕಬಹುದು. ಅನಿಮೋನಿಗೆ ಅಷ್ಟು ಸಾಲದು, ಅದಕ್ಕೆ ದಿನದಿಂದ ದಿನಕ್ಕೆ ಏರಿಳಿಯದ ನೀರು ಬೇಕು. ಜಾತಿಯೂ ಮುಖ್ಯ. ಸಣ್ಣ ಟ್ಯಾಂಕಿಗೆ ಆಗುವುದು ಬಬಲ್ ಟಿಪ್, ಅಂದರೆ ಎಂಟಾಕ್ಮಿಯಾ ಕ್ವಾಡ್ರಿಕಲರ್. ಅದೂ 30 ಸೆಂಟಿಮೀಟರ್ ಅಗಲಕ್ಕೆ ಬೆಳೆಯಬಲ್ಲದು. ಕಾರ್ಪೆಟ್ ಅನಿಮೋನ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದು ಅರ್ಧ ಮೀಟರಿಗಿಂತಲೂ ಹರಡುತ್ತದೆ, ಟ್ಯಾಂಕಿನಲ್ಲಿರುವ ಸಣ್ಣ ಮೀನನ್ನೂ ಹಿಡಿದು ತಿನ್ನುತ್ತದೆ.

ಡ್ರಿಪ್ ಟ್ಯೂಬು

ಏರ್‌ ಪಂಪಿನ ಟ್ಯೂಬಿಗೆ ಒಂದು ಪ್ಲಾಸ್ಟಿಕ್ ವಾಲ್ವ್, ಟ್ಯಾಂಕಿನ ಅಂಚಿಗೆ ಸಿಕ್ಕಿಸುವ ಕೊಕ್ಕೆ, ಇಷ್ಟೇ. ವಾಲ್ವ್ ಸಡಿಲವಿದ್ದರೆ ಟ್ಯೂಬಿಗೆ ಒಂದು ಗಂಟು ಹಾಕಿ ಬಿಗಿಮಾಡಿದರೂ ನಡೆಯುತ್ತದೆ. ಸೆಕೆಂಡಿಗೆ ನಾಲ್ಕು ಹನಿ ಬಿಟ್ಟರೆ ಗಂಟೆಗೆ ಸುಮಾರು 700 ಮಿಲಿಲೀಟರ್ ಆಗುತ್ತದೆ. ಅಂದರೆ ಒಂದು ಲೀಟರ್ ನೀರಿರುವ ಚೀಲಕ್ಕೆ ಅಷ್ಟೇ ಟ್ಯಾಂಕ್ ನೀರು ಸೇರಲು ಹತ್ತಿರ ಹತ್ತಿರ ಒಂದೂವರೆ ಗಂಟೆ ಬೇಕು.

ಮಂಗಳೂರಿನಲ್ಲಿ ಕೊಂಡು ಬಸ್ಸಿನಲ್ಲೋ ಕಾರಿನಲ್ಲೋ ತಂದದ್ದಾದರೆ ಈ ಒಂದೂವರೆ ಗಂಟೆಯಿಂದ ತೊಂದರೆಯಿಲ್ಲ. ಚೆನ್ನೈಯ ಕೊಳತ್ತೂರಿನಿಂದ ಪಾರ್ಸೆಲ್ ಬಂದದ್ದಾದರೆ ಬೇರೆ ಕಥೆ. ರಾತ್ರಿ ಚೆನ್ನೈ ಬಿಟ್ಟ ಮಂಗಳೂರು ಮೇಲ್ ರೈಲು ಕಾಸರಗೋಡು ಮುಟ್ಟುವುದು ಮರುದಿನ. ಅಷ್ಟೂ ಹೊತ್ತು ಕಟ್ಟಿದ ಚೀಲದೊಳಗೆ ಅನಿಮೋನ್ ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ನೀರಿನ ಪಿಎಚ್ ಇಳಿದಿರುತ್ತದೆ. ಕಸದಿಂದ ಬಂದ ಅಮೋನಿಯಾ ಆ ಕಡಿಮೆ ಪಿಎಚ್‌ನಲ್ಲಿ ಹೆಚ್ಚಿನ ಪಾಲು ಅಮೋನಿಯಂ ರೂಪದಲ್ಲಿ ಇರುವುದರಿಂದ ವಿಷ ಅಷ್ಟಾಗಿ ತಟ್ಟುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಗೆ ಹೋಗಿ ಪಿಎಚ್ ಏರತೊಡಗುತ್ತದೆ, ಪಿಎಚ್ ಒಂದು ಏರಿದರೆ ವಿಷದ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟು ಆಗುತ್ತದೆ. ಪಿಎಚ್ 8ರ ಮೇಲಿರುವ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಅದೇ ಚೀಲಕ್ಕೆ ಬಿಡುವುದೆಂದರೆ ಅನಿಮೋನನ್ನು ಒಂದೂವರೆ ಗಂಟೆ ವಿಷದಲ್ಲಿ ಕೂರಿಸಿದಂತೆ.

ಹೀಗೆ ಮಾಡಿ. ಚೀಲ ಬಿಚ್ಚದೆ 20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಮೂಲೆ ಕತ್ತರಿಸಿ ಎರಡು ಹನಿ ತೆಗೆದು ಉಪ್ಪಿನಂಶ ನೋಡಿ. ಮಾರುವವರ ಟ್ಯಾಂಕಿನಲ್ಲಿ 30 ಪಿಪಿಟಿ (ಸಾವಿರ ಪಾಲಿನಲ್ಲಿ 30 ಪಾಲು ಉಪ್ಪು), ಮನೆಯ ಟ್ಯಾಂಕಿನಲ್ಲಿ 35 ಇರುವುದು ಅಪರೂಪವಲ್ಲ. ಆಗ ಸ್ವಚ್ಛ ಬಕೆಟಿಗೆ ನಿಮ್ಮ ಟ್ಯಾಂಕಿನ ನೀರು 3 ಲೀಟರ್, ಆರ್‌ಒ ನೀರು 500 ಮಿಲಿಲೀಟರ್ ಹಾಕಿದರೆ ಸರಿಯಾಗಿ 30 ಆಗುತ್ತದೆ. ಅದರಲ್ಲಿ ಏರ್ ಸ್ಟೋನ್ ಓಡಿಸಿ. ಗ್ಲೌಸ್ ಹಾಕಿದ ಕೈಯಿಂದ ಅನಿಮೋನನ್ನು ಎತ್ತಿ ಈ ಬಕೆಟಿಗೆ ಬಿಡಿ, ಚೀಲದ ನೀರನ್ನು ಹೊರಗೆ ಚೆಲ್ಲಿ. ಡ್ರಿಪ್ ಟ್ಯೂಬು ಕೆಲಸಕ್ಕೆ ಬರುವುದು ಈಗ. ಬಕೆಟಿನಲ್ಲಿ ಅಮೋನಿಯಾ ಇಲ್ಲದ ಕಾರಣ ಎರಡು ಗಂಟೆ ತೆಗೆದುಕೊಂಡರೂ ಹೆದರಿಕೆಯಿಲ್ಲ, ನಡುನಡುವೆ ನೀರು ತೆಗೆದು ಚೆಲ್ಲುತ್ತಾ ಹೋಗಬಹುದು. ವ್ಯತ್ಯಾಸ ಒಂದೆರಡು ಪಿಪಿಟಿ ಮಾತ್ರ ಇದ್ದರೆ ಅರ್ಧ ಗಂಟೆ ಸಾಕು. ಅನಿಮೋನಿಗೆ ತನ್ನ ಮೈಯ ಉಪ್ಪನ್ನು ಕಾದಿಟ್ಟುಕೊಳ್ಳುವ ಶಕ್ತಿಯಿಲ್ಲ, ಹೊರಗಿನ ನೀರು ಹೇಗೋ ಒಳಗೂ ಹಾಗೆಯೇ ಆಗುತ್ತದೆ. ಹಾಗಾಗಿ ಈ ಹಂತವನ್ನು ಬಿಡಬೇಡಿ.

ರಿಫ್ರಾಕ್ಟೋಮೀಟರ್

ಈ ಸೆಟ್ಟುಗಳಲ್ಲಿ ಬರುವ ಅಗ್ಗದ ರಿಫ್ರಾಕ್ಟೋಮೀಟರ್ ಸರಿಹೊಂದಿಸಿದರೆ ಸಾಕಷ್ಟು ನಂಬಬಹುದು. ಅದರ ಒಂದು ದೋಷ ಗೊತ್ತಿರಲಿ: ಹಲವು ಅಳತೆಪಟ್ಟಿಗಳನ್ನು ಸಮುದ್ರದ ನೀರಿಗಲ್ಲ, ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆ ಬರೆದಿರುತ್ತಾರೆ. ಆರ್‌ಒ ನೀರು ಹಾಕಿ ಸೊನ್ನೆಗೆ ತಿರುಗಿಸಿಟ್ಟರೆ 35ರ ನೀರನ್ನು ಅದು ಒಂದೂವರೆ ಪಿಪಿಟಿಯಷ್ಟು ಹೆಚ್ಚು ತೋರಿಸುತ್ತದೆ. ಆದ್ದರಿಂದ ಸೊನ್ನೆಯಲ್ಲಿ ಅಲ್ಲ, 35ರಲ್ಲಿ ಸರಿಹೊಂದಿಸಬೇಕು. ಬಾಟ್ಲಿ ದ್ರಾವಣ ಕೊಳ್ಳುವ ಅಗತ್ಯವಿಲ್ಲ. ನಿಖರವಾದ ತಕ್ಕಡಿಯಲ್ಲಿ 36.5 ಗ್ರಾಂ ಒಣ ಪುಡಿ ಉಪ್ಪು, 963.5 ಗ್ರಾಂ ಆರ್‌ಒ ನೀರು ತೂಗಿ ಕರಗಿಸಿ. ಬೆಳಕು ಬಾಗುವ ಲೆಕ್ಕದಲ್ಲಿ ಇದು 35 ಪಿಪಿಟಿ ಸಮುದ್ರದ ನೀರಿಗೆ ಸಮ. ಒಂದೆರಡು ಹನಿ ಗಾಜಿನ ಮೇಲೆ ಹಾಕಿ, ಅರ್ಧ ನಿಮಿಷ ಬಿಟ್ಟು, ಸಣ್ಣ ಸ್ಕ್ರೂ ತಿರುಗಿಸಿ ನೀಲಿ ಗೆರೆಯನ್ನು 35ಕ್ಕೆ ತನ್ನಿ. ತಿಂಗಳಿಗೊಮ್ಮೆ ಮತ್ತೆ ನೋಡಿ.

ನಮ್ಮ ಕಡೆ ಇದರ ಅಗತ್ಯ ಹೆಚ್ಚು. ಎಪ್ರಿಲ್, ಮೇ ತಿಂಗಳಲ್ಲಿ ನೀರು ತಣ್ಣಗಾಗಲಿ ಎಂದು ಫ್ಯಾನ್ ಇಡುತ್ತೇವೆ, ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 50 ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ 35 ಇದ್ದದ್ದು 35.7 ಆಯಿತು, ಎರಡು ಲೀಟರ್ ಹೋದರೆ 36.5. ದಿನಾ ಆರ್‌ಒ ನೀರಿನಿಂದ ತುಂಬಿಸಬೇಕು, ಉಪ್ಪುನೀರಿನಿಂದಲ್ಲ. ಅಡುಗೆಮನೆಯ ಆರ್‌ಒ ಕೂಡ ನೇರವಾಗಿ ಆಗದು. ರುಚಿಗಾಗಿ ಅದರಲ್ಲಿ ಸ್ವಲ್ಪ ಬಾವಿ ನೀರನ್ನೇ ಬೆರೆಸುವ ವಾಲ್ವ್ ಇರುವುದುಂಟು. ಅದನ್ನು ಮುಚ್ಚಿಸಿ, ಕೊನೆಗೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಹಾಕಿ, ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬಂದರೆ ಮಾತ್ರ ಉಪಯೋಗಿಸಿ. ಕಡಲು ಹತ್ತಿರ ಇದೆಯೆಂದು ಮಳೆಗಾಲದಲ್ಲಿ ಕಾಸರಗೋಡಿನ ಕಸಬಾ ಕಡಪ್ಪುರದ ಕಡಲತೀರದಿಂದ ಕ್ಯಾನ್ ತುಂಬಿಸುವುದೂ ಬೇಡ. ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳು ತುಂಬಿ ಬರುವಾಗ ದಡದ ನೀರಿನ ಉಪ್ಪು ತೆಳುವಾಗಿ, ಕೆಸರೂ ಸೇರಿರುತ್ತದೆ.

ಪಂಪಿನ ಕವಚ

ಸೆಟ್ಟಿನಲ್ಲಿ ಅತಿ ಬೆಲೆಬಾಳುವ ಸಾಮಾನು ಈ ಸ್ಪಂಜಿನ ತುಂಡು. ಅನಿಮೋನ್ ಇಟ್ಟ ಜಾಗದಲ್ಲಿ ಕೂರುವುದಿಲ್ಲ. ಬೆಳಕು, ನೀರಿನ ಓಟ, ಬುಡಕ್ಕೆ ಸಿಗುವ ಸಂದು ಮೂರೂ ಹಿಡಿಸುವ ತನಕ ರಾತ್ರಿ ಹೊತ್ತು ಬುಡ ಬಿಟ್ಟು ತೇಲುತ್ತದೆ ಇಲ್ಲವೇ ತೆವಳುತ್ತದೆ. ಹಾಗೆ ಹೋಗಿ ನೀರು ಓಡಿಸುವ ಪಂಪಾದ ವೇವ್‌ಮೇಕರಿನ ಫ್ಯಾನಿಗೆ ಸಿಕ್ಕಿದರೆ ಚೂರುಚೂರು. ಸಣ್ಣ ಟ್ಯಾಂಕಿನಲ್ಲಿ ಆ ಚೂರುಗಳು ಬೆಳಗಾಗುವುದರೊಳಗೆ ಕೊಳೆತು ಮೀನುಗಳನ್ನೂ ಕೊಲ್ಲುತ್ತವೆ.

ಕವಚವನ್ನು ಅನಿಮೋನ್ ಬರುವ ಹಿಂದಿನ ದಿನವೇ ಹಾಕಿ ನೋಡಿ. ದೊಡ್ಡ ರಂಧ್ರದ ಒರಟು ಸ್ಪಂಜು ಆಗಬೇಕು. ನುಣುಪಾದದ್ದು ಎರಡು ದಿನದಲ್ಲಿ ಕಟ್ಟಿಕೊಂಡು ಪಂಪ್ ಬಿಸಿಯಾಗುತ್ತದೆ, ಆ ಬಿಸಿ ನೀರಿಗೇ ಬರುತ್ತದೆ. ಮೊದಲೇ ಸೆಕೆಯ ಊರು; ನೀರು 25ರಿಂದ 27 ಡಿಗ್ರಿಯ ಒಳಗೆ ಇರಬೇಕಾದಲ್ಲಿ ಒಂದು ಡಿಗ್ರಿಯೂ ದೊಡ್ಡದು. ವಾರಕ್ಕೆರಡು ಸಲ ತೆಗೆದು ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ. ಸೆಟ್ಟಿನವರು ಒಂದೇ ಕವಚ ಕೊಡುವುದು ದೊಡ್ಡ ಕೊರತೆ: ಹಿಂಬದಿ ಫಿಲ್ಟರಿಗೆ ನೀರು ಬೀಳುವ ಬಾಚಣಿಗೆ ಹಲ್ಲಿನ ಸಂದಿಗೂ, ಹೀಟರ್ ಇದ್ದರೆ ಅದಕ್ಕೂ ಬೇಕು. ಆ ಸಂದಿಗೆ ಪ್ಲಾಸ್ಟಿಕ್ ಸೊಳ್ಳೆ ಬಲೆಯ ತುಂಡನ್ನು ಬಿಗಿಯಾಗಿ ಸಿಕ್ಕಿಸಿದರೆ ಆದೀತು. ಲೋಹದ ಬಲೆ ಬೇಡ.

ಜಾಲರಿ ಡಬ್ಬಿ

ಓಡಾಡದಿರಲಿ ಎಂದು ಅನಿಮೋನನ್ನು ಇದರಲ್ಲಿ ಕೆಲವು ದಿನ ಕೂಡಿಹಾಕುವುದು ಉದ್ದೇಶ. ಅದು ಬುಡವನ್ನು ಜಾಲರಿಯ ತೂತುಗಳೊಳಗೆ ತೂರಿಸಿ ಹಿಡಿದುಕೊಂಡರೆ ಬಿಡಿಸುವಾಗ ಹರಿಯುತ್ತದೆ. ಬುಡ ಹರಿದ ಅನಿಮೋನ್ ಉಳಿಯುವುದು ಕಷ್ಟ. ಇದರ ಬದಲು 3–4 ಸೆಂಟಿಮೀಟರ್ ಅಗಲದ ಆಳವಾದ ತೂತಿರುವ ಸೆರಾಮಿಕ್ ಕಲ್ಲು ಸಾಕು. ಹವಳದ ಕಲ್ಲು ಹೆಕ್ಕಿ ತರಬೇಡಿ. ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ.

ಪಂಪ್ ಎಲ್ಲ ಆಫ್ ಮಾಡಿ, ಬುಡ ಕೆಳಗೆ ಬಾಯಿ ಮೇಲೆ ಬರುವಂತೆ ಆ ತೂತಿನಲ್ಲಿ ಇಡಿ. ಅರ್ಧದಿಂದ ಒಂದು ಗಂಟೆಯಲ್ಲಿ ಬುಡ ಹಿಡಿದುಕೊಳ್ಳುತ್ತದೆ, ಮೆಲ್ಲ ಬೆರಳು ತಾಗಿಸಿದರೆ ಅಲುಗಾಡದು. ಆಮೇಲೆ ಪಂಪನ್ನು ಕಡಿಮೆ ಓಟದಲ್ಲಿ ಶುರುಮಾಡಿ. ಬೆಳಕನ್ನು ಮೊದಲ ದಿನ 30 ಶೇಕಡಾ ಇಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ಹತ್ತು ಹತ್ತು ಏರಿಸಿ. ಕತ್ತಲೆಯ ಚೀಲದಿಂದ ಬಂದದ್ದಕ್ಕೆ ಒಮ್ಮೆಲೇ ಪೂರ್ತಿ ಬೆಳಕು ಬಿದ್ದರೆ ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಅದು ಬೇರೆ ಕಡೆ ಹೋಗಿ ಕೂತರೆ ಹಿಂದಕ್ಕೆ ತರಬೇಡಿ. ತೆಗೆಯಲೇಬೇಕಾದರೆ ಕಲ್ಲನ್ನು ಹೊರಗೆತ್ತಿ, ಬುಡದ ಹಿಂಬದಿಗೆ ಮಂಜುಗಡ್ಡೆ ತಾಗಿಸಿದರೆ ತಾನಾಗಿ ಸಡಿಲವಾಗುತ್ತದೆ.

ಮೊದಲ ವಾರ ದಿನಕ್ಕೊಮ್ಮೆ ಕುಗ್ಗಿ ಕಂದು ಲೋಳೆ ಉಗುಳಿದರೆ ಗಾಬರಿ ಬೇಡ, ಕೆಲವು ಗಂಟೆಯಲ್ಲಿ ಮತ್ತೆ ಅರಳುತ್ತದೆ. ಬಾಯಿ ತೆರೆದೇ ಇದ್ದು, ಮೈ ದಾರದಂತೆ ಕಳಚುತ್ತಾ, ಕೊಳೆತ ವಾಸನೆ ಬಂದರೆ ಕೂಡಲೇ ತೆಗೆದು ಅರ್ಧ ನೀರು ಬದಲಿಸಬೇಕು. ಮೊದಲ ವಾರ ತಿನ್ನಲು ಏನೂ ಕೊಡಬೇಡಿ. ಆಮೇಲೆ ವಾರಕ್ಕೊಮ್ಮೆ ಐದಾರು ಮಿಲಿಮೀಟರಿನ ಹಸಿ ಎಟ್ಟಿ ತುಂಡು, ಆರ್‌ಒ ನೀರಿನಲ್ಲಿ ತೊಳೆದು. ದೊಡ್ಡ ತುಂಡು ಕೊಟ್ಟರೆ ಮರುದಿನ ಹಾಗೆಯೇ ಕಕ್ಕುತ್ತದೆ. ಬಂಗುಡೆ, ಬೂತಾಯಿ ಬೇಡ, ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಅನಿಮೋನಿನೊಳಗೆ ವಾಸಿಸುವ ಕ್ಲೌನ್ ಮೀನು ಇನ್ನೂ ಇಲ್ಲದಿದ್ದರೆ ಅನಿಮೋನ್ ಒಂದೇ ಕಡೆ ಎರಡು ಮೂರು ವಾರ ಕೂತ ಮೇಲೆ ತನ್ನಿ, ಇಲ್ಲದಿದ್ದರೆ ಆ ಮೀನು ಉಜ್ಜಿ ಉಜ್ಜಿ ಅನಿಮೋನನ್ನು ಅರಳಲು ಬಿಡುವುದಿಲ್ಲ.

ಟಾನಿಕ್

ಅಯೋಡಿನ್, ವಿಟಮಿನ್ ಎಂದೆಲ್ಲ ಬರೆದ ಬಾಟ್ಲಿ. ಅಳೆಯಲು ಆಗದ್ದನ್ನು ಸಣ್ಣ ಟ್ಯಾಂಕಿಗೆ ಸುರಿಯಬಾರದು. ವಾರಕ್ಕೆ 5 ಲೀಟರ್ ನೀರು ಬದಲಿಸಿದರೆ ಬೇಕಾದದ್ದೆಲ್ಲ ಉಪ್ಪಿನಲ್ಲೇ ಬರುತ್ತದೆ. ಆ ದುಡ್ಡಿಗೆ ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) ಅಳೆಯುವ ಟೆಸ್ಟ್ ಕಿಟ್ ತಗೊಳ್ಳಿ, ಹನ್ನಾ ಚೆಕ್ಕರ್ ಎಂಬ ಡಿಜಿಟಲ್ ಮೀಟರ್ ಆದರೆ ಇನ್ನೂ ಒಳ್ಳೆಯದು. ಟ್ಯಾಂಕಿನ ನೀರಿಗೆ ಬೆರೆಸುವ ಉಪ್ಪಿನ ಬಗೆ ಬದಲಿಸುವಾಗ ಇದು ಗೊತ್ತಿರಲೇಬೇಕು: ರೆಡ್ ಸೀ ಕಂಪೆನಿಯ ಸಾದಾ ಉಪ್ಪು 8 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಹತ್ತಿರ, ಅದೇ ಕಂಪೆನಿಯ ಕೋರಲ್ ಪ್ರೋ 12ರ ಹತ್ತಿರ. ಅನಿಮೋನ್ ಕೂರುತ್ತಿರುವ ತಿಂಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಬೇಡಿ.

ಸೆಟ್ಟಿನಲ್ಲಿ ಇರಬೇಕಾಗಿದ್ದು ಇಲ್ಲದ್ದು ಬ್ಯಾಟರಿ ಏರ್ ಪಂಪ್. ಜೂನ್, ಜುಲೈಯಲ್ಲಿ ತೆಂಗಿನ ಮಡಲು ಲೈನಿಗೆ ಬಿದ್ದು ಕರೆಂಟು ಹೋದರೆ ಕೆಎಸ್‌ಇಬಿಯವರು ಬರುವ ತನಕ ಟ್ಯಾಂಕಿನಲ್ಲಿ ನೀರು ಅಲುಗಾಡುವುದಿಲ್ಲ, ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. ಕರೆಂಟು ಹೋದ ಕೂಡಲೇ ತಾನಾಗಿ ಓಡುವ ಬಗೆಯದ್ದು ಸಿಗುತ್ತದೆ. ಅದನ್ನು ಬೇರೆಯೇ ಕೊಂಡು, ಅನಿಮೋನ್ ಮನೆಗೆ ಬರುವ ಮುಂಚೆ ಪ್ಲಗ್ ತೆಗೆದು ಒಮ್ಮೆ ಪರೀಕ್ಷಿಸಿ ಇಡಿ.