ಅಲಾಯ್ ಕೊಳ್ಳುವ ಮುಂಚೆ ವೀಲ್‌ನ ಬೆನ್ನು ನೋಡಿ

ಕಾರಿಗೆ ಅಲಾಯ್ (ಮಿಶ್ರಲೋಹದ ವೀಲ್) ಹಾಕಿಸಬೇಕು ಅಂತ ಓಡಾಡುತ್ತಿರುವವರು ಎರಡು ನಿಮಿಷ ಇದನ್ನು ಓದಿ. ನಾನು ಅದೇ ಹುಮ್ಮಸ್ಸಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಕೈ ಸುಟ್ಟುಕೊಂಡು ಬಂದವನು.

ನನ್ನದು ಸಣ್ಣ ಹ್ಯಾಚ್‌ಬ್ಯಾಕ್. ಕಾರಿನ ಜೊತೆ ಬಂದದ್ದು 14 ಇಂಚಿನ ಸ್ಟೀಲ್ ವೀಲ್, ಅಗಲ 5.5 ಇಂಚು, ಆಫ್‌ಸೆಟ್ 45 (ಅದೇನು ಅಂತ ಮುಂದೆ ಹೇಳುತ್ತೇನೆ). ಅಂಗಡಿಯವನು ತೋರಿಸಿದ್ದು 15 ಇಂಚಿನ, 7 ಇಂಚು ಅಗಲದ ಅಲಾಯ್. ನಾನು ಕೇಳಿದ್ದು ಎರಡೇ ಮಾತು: ಎಷ್ಟು? ಬೋಲ್ಟ್ ಕೂರುತ್ತಾ? ‘ನಾಲ್ಕು ಬೋಲ್ಟ್, 100 ಪಿಸಿಡಿ, ಸುಮ್ನೆ ಹಾಕ್ಕೊಂಡು ಹೋಗಿ ಸಾರ್’ ಅಂದ. ಪಿಸಿಡಿ ಅಂದರೆ ಬೋಲ್ಟ್‌ಗಳ ನಡುಮಧ್ಯೆ ಹಾದುಹೋಗುವ ವೃತ್ತದ ವ್ಯಾಸ, ಮಿ.ಮೀ. ಲೆಕ್ಕದಲ್ಲಿ. ಹಳೆಯ ವೀಲ್‌ಗಳನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟೆ. ಅದು ಇನ್ನೂ ದೊಡ್ಡ ದಡ್ಡತನ.

ಟೈರು ಫೆಂಡರಿನಿಂದ (ಟೈರಿನ ಮೇಲೆ ಕಮಾನಿನಂತಿರುವ ಬಾಡಿ) ಆಚೆಗೆ ಚಾಚಿತ್ತು. ನಿಜ ಹೇಳುತ್ತೇನೆ, ಮೊದಲ ವಾರ ಅದೇ ಚೆನ್ನಾಗಿ ಕಂಡಿತು! ಮಳೆ ಬಂದಾಗ ಕೆಸರೆಲ್ಲ ಬಾಗಿಲ ಮೇಲೆ. ಆಮೇಲೆ ಮನೆಮಂದಿ, ಲಗೇಜು ತುಂಬಿಕೊಂಡು ಸಕಲೇಶಪುರಕ್ಕೆ ಹೊರಟೆವು. ಹಂಪ್ ಬಂದಾಗಲೆಲ್ಲ ಹಿಂದಿನಿಂದ ಕರ್ರ್ ಅಂತ ಸದ್ದು. ಹಾಸನದಲ್ಲಿ ನಿಲ್ಲಿಸಿ ನೋಡಿದರೆ ಫೆಂಡರಿನ ಅಂಚು ಹೊಸ ಟೈರನ್ನು ತುರಿಮಣೆ ಹಾಗೆ ತುರಿದಿತ್ತು.

ಅಲ್ಲಿನ ಮೆಕ್ಯಾನಿಕ್ ವೀಲ್ ಬಿಚ್ಚಿ ಬೆನ್ನು ತೋರಿಸಿದ. ‘ಇಟಿ 25’ ಅಂತ ಅಚ್ಚಾಗಿತ್ತು, ಅಂದರೆ ಆಫ್‌ಸೆಟ್ 25. ವೀಲ್ ಹಬ್‌ಗೆ (ವೀಲನ್ನು ಬೋಲ್ಟ್ ಹಾಕಿ ಕೂರಿಸುವ ಕಾರಿನ ಭಾಗ) ತಾಗುವ ಜಾಗಕ್ಕೂ ವೀಲ್ ಅಗಲದ ನಟ್ಟನಡುವಿಗೂ ಎಷ್ಟು ಮಿಲಿಮೀಟರ್ ಅಂತರ ಅನ್ನುವುದೇ ಆಫ್‌ಸೆಟ್. ಸಂಖ್ಯೆ ಇಳಿದಷ್ಟೂ ವೀಲ್ ಹೊರಗೆ ಸರಿಯುತ್ತದೆ. ಮನೆಗೆ ಬಂದು ಲೆಕ್ಕ ಹಾಕಿದೆ. ಹಳೆಯ ವೀಲಿನ ಹೊರಅಂಚು ಹಬ್‌ನಿಂದ ಸುಮಾರು 25 ಮಿ.ಮೀ. ಆಚೆಗಿತ್ತು, ಹೊಸದು 64. ಒಳಅಂಚು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಅಂದರೆ ಜಾಸ್ತಿಯಾದ ಅಗಲವೆಲ್ಲ ಹೊರಗೇ ಹೋಗಿದೆ. ಆಫ್‌ಸೆಟ್ ಅತಿ ಜಾಸ್ತಿಯಾದರೂ ಕಷ್ಟವೇ, ಆಗ ವೀಲ್ ಒಳಗಿನ ಸಸ್ಪೆನ್ಷನ್‌ಗೆ ತಾಗುತ್ತದೆ.

ತುಂಬಿದ ಕೊಡ ಸೊಂಟದ ಮೇಲಿದ್ದರೆ ಹೊತ್ತು ನಡೆಯಬಹುದು. ಅದನ್ನೇ ಕೈ ಚಾಚಿ ಹಿಡಿದು ನೋಡಿ! ವೀಲ್ ಹೊರಗೆ ಸರಿದದ್ದರಿಂದ ನನ್ನ ವೀಲ್ ಬೇರಿಂಗ್‌ಗೆ ಆದದ್ದು ಅದೇ. ಕೆಲವೇ ತಿಂಗಳಲ್ಲಿ ಮುಂದಿನ ಎಡಗಡೆ ಗುಂಯ್ ಅನ್ನತೊಡಗಿತು, ಬಲಕ್ಕೆ ತಿರುಗಿದರೆ ಇನ್ನೂ ಜೋರು. ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತಿತ್ತು.

ಅಂಗಡಿಗೆ ವಾಪಸ್ ಹೋದೆ. ‘5 ಮಿ.ಮೀ. ಸ್ಪೇಸರ್ ಹಾಕಿ ಸರಿ ಮಾಡ್ತೀನಿ’ ಅಂದ. ಸ್ಪೇಸರ್ ಅಂದರೆ ಹಬ್‌ಗೂ ವೀಲ್‌ಗೂ ನಡುವೆ ಇಡುವ ಬಿಲ್ಲೆ. ಅದನ್ನು ಹಾಕಿದರೆ ವೀಲ್ ಇನ್ನಷ್ಟು ಹೊರಗೆ ಹೋಗುತ್ತದೆ, ಆಫ್‌ಸೆಟ್ 25 ಇದ್ದದ್ದು 20 ಆಗುತ್ತದೆ. ಹೊಟ್ಟೆನೋವಿಗೆ ಮೆಣಸಿನಕಾಯಿ ಕೊಟ್ಟ ಹಾಗೆ, ಅಲ್ವಾ? ಹಳೆಯ ವೀಲ್ ಎಲ್ಲಿ ಅಂದರೆ ಮಾರಿ ಆಗಿತ್ತು.

ನಡುವಿನ ತೂತಿನ ಅಳತೆಯನ್ನೂ ಕೇಳಿ. ನನ್ನ ಹಬ್ 54.1 ಮಿ.ಮೀ., ಅಲಾಯ್‌ನ ತೂತು 73.1. ನಡುವೆ ರಿಂಗ್ ಹಾಕದೇ ಬಿಟ್ಟಿದ್ದರಿಂದ ಹೈವೇಯಲ್ಲಿ ಸ್ಟೀರಿಂಗ್ ನಡುಗುತ್ತಿತ್ತು.

ಕೊನೆಗೆ ಗುಜರಿಯಲ್ಲಿ ಹುಡುಕಿ ಮೊದಲಿನ ಅಳತೆಯದೇ ಸ್ಟೀಲ್ ವೀಲ್ ತಂದು ಹಾಕಿಸಿದೆ. ಅಲಾಯ್‌ಗಳು ಮೆಟ್ಟಿಲ ಕೆಳಗೆ ಕೂತಿವೆ. ಕೊಳ್ಳಲು ಬಂದವರಿಗೆ ಈ ಕಥೆಯನ್ನೆಲ್ಲ ಹೇಳುತ್ತೇನೆ. ಇಬ್ಬರು ಕೇಳಿಸಿಕೊಂಡು, ಕಾಫಿ ಕುಡಿದು ಹೋದರು.