ಮೂಲ ಫೋಟೋಗಳ ಫೋಲ್ಡರ್‌ನಲ್ಲಿ ರೀಸೈಜ್ ಓಡಿಸಬೇಡಿ

ಚನ್ನಪಟ್ಟಣದ ಮರದ ಆಟಿಕೆ ಮಾರುವ ಅಂಗಡಿಯೊಂದರ ಫೋಟೋಗಳೆಲ್ಲ ಹಾಳಾಗಿದ್ದು ಒಂದೇ ಸಾಲಿನ ಕಮಾಂಡ್‌ನಿಂದ. 4000 × 3000 ಪಿಕ್ಸೆಲ್ ಚಿತ್ರಗಳಿದ್ದ ಫೋಲ್ಡರ್‌ನಲ್ಲೇ ಚಿತ್ರಗಳ ಅಳತೆ ಬದಲಿಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ಮಾಗ್ರಿಫೈ (mogrify) ಕಮಾಂಡ್ ಓಡಿಸಿದರು. ಅಳತೆ 800 × 800, ಅದರ ಹಿಂದೆ ಒಂದು ‘!’ ಗುರುತು. ಯಾವ ಎರರ್ ಕೂಡ ಬರಲಿಲ್ಲ. ಅಂಗಡಿಯ ಪುಟ ತೆರೆದರೆ ಬಂಡಿಯ ಚಕ್ರಗಳೆಲ್ಲ ಮೊಟ್ಟೆಯಂತೆ ಎದ್ದು ನಿಂತಿದ್ದವು. ಮೂಲ ಫೋಟೋದಿಂದ ಮತ್ತೆ ಮಾಡೋಣವೆಂದರೆ ಮೂಲವೇ ಉಳಿದಿರಲಿಲ್ಲ.

ಇಲ್ಲಿ ಎರಡು ತಪ್ಪು ಕೂಡಿವೆ. ‘!’ ಹಾಕಿದರೆ ಉದ್ದಗಲದ ಅನುಪಾತ ಮರೆತು ಹೇಳಿದ ಅಳತೆಗೇ ಹಿಂಡು ಎಂದರ್ಥ. ಅಗಲ 5 ಪಟ್ಟು ಕುಗ್ಗಿತು, ಎತ್ತರ 3.75 ಪಟ್ಟು ಮಾತ್ರ. ದುಂಡಗಿನ ಚಕ್ರ ದುಂಡಗೆ ಉಳಿಯುವುದು ಹೇಗೆ? ಇದಕ್ಕಿಂತ ದೊಡ್ಡದು ಎರಡನೆಯದು: ಮಾಗ್ರಿಫೈ ಹೊಸ ಫೈಲ್ ಮಾಡುವುದಿಲ್ಲ, ಇದ್ದ ಫೈಲಿನ ಮೇಲೆಯೇ ಬರೆಯುತ್ತದೆ. ಕೇಳುವುದಿಲ್ಲ, ರೀಸೈಕಲ್ ಬಿನ್‌ಗೂ ಹಾಕುವುದಿಲ್ಲ. 1.2 ಕೋಟಿ ಪಿಕ್ಸೆಲ್ ಇದ್ದಲ್ಲಿ 6.4 ಲಕ್ಷ ಉಳಿಯಿತು. ಮತ್ತೆ ಹಿಗ್ಗಿಸಿದರೆ ಅಳತೆ ಬರುತ್ತದೆ, ಅರಗಿನ ಹೊಳಪು, ಮರದ ಎಳೆ ಬರುವುದಿಲ್ಲ. ಅಮೆಜಾನ್‌ನಲ್ಲಿ ಜೂಮ್ ಕೆಲಸ ಮಾಡಲು ಉದ್ದದ ಬದಿ ಕನಿಷ್ಠ 1000 ಪಿಕ್ಸೆಲ್ ಬೇಕು. 800ರ ಚಿತ್ರ ಅಲ್ಲಿಗೂ ಸಾಲದು.

ಹೀಗೇನಾದರೂ ಆಗಿದ್ದರೆ ಮೊದಲು ಕ್ಯಾಮೆರಾ ಕಾರ್ಡ್ ಹೊರತೆಗೆದಿಡಿ. ಅದರಲ್ಲಿ ಹೊಸದಾಗಿ ಒಂದು ಫೋಟೋವನ್ನೂ ತೆಗೆಯಬೇಡಿ. ಕಾರ್ಡ್‌ನಿಂದ ಅಳಿಸಿದ ಚಿತ್ರಗಳ ಜಾಗಕ್ಕೆ ಬೇರೇನೂ ಬರೆಯದಿದ್ದರೆ ಫೋಟೋರೆಕ್‌ನಂಥ ತಂತ್ರಾಂಶ ಬಹಳಷ್ಟನ್ನು ಎತ್ತಿಕೊಡಬಲ್ಲದು. ಫೋಲ್ಡರ್ ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದ್ದರೆ ಕುಗ್ಗಿದ ಚಿತ್ರಗಳು ಅಲ್ಲಿಯೂ ಹೋಗಿ ಕೂತಿರುತ್ತವೆ. ಆದರೆ ಅಲ್ಲಿ ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಆ ಗಡುವಿನೊಳಗೆ ಇಳಿಸಿಕೊಳ್ಳಿ. ಸಿಂಕ್ ಅನ್ನು ಬ್ಯಾಕಪ್ ಎಂದು ನಂಬಿದವರಿಗೆ ಇಲ್ಲೇ ಪೆಟ್ಟು ಬೀಳುವುದು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಮೂಲ ಫೋಲ್ಡರ್ ಅನ್ನು ರೀಡ್-ಓನ್ಲಿ ಮಾಡಿ, ಅದರ ನಕಲು ತೆಗೆದು ನಕಲಿನ ಮೇಲೆಯೇ ಕೆಲಸ ಮಾಡಿ. ಮಾಗ್ರಿಫೈಯೇ ಬೇಕೆಂದರೆ ‘ಪಾತ್’ ಆಯ್ಕೆಯಲ್ಲಿ ಬೇರೆ ಫೋಲ್ಡರ್ ಕೊಡಿ, ಆಗ ಫಲಿತಾಂಶ ಅಲ್ಲಿಗೆ ಹೋಗುತ್ತದೆ. ಅಳತೆಯ ಹಿಂದೆ ‘!’ ಬದಲು ‘>’ ಹಾಕಿದರೆ ದೊಡ್ಡ ಚಿತ್ರ ಮಾತ್ರ ಕುಗ್ಗುತ್ತದೆ, ಚಿಕ್ಕದು ಹಾಗೇ ಇರುತ್ತದೆ. ಆದರೆ ಅಳತೆಯನ್ನೂ ಗುರುತನ್ನೂ ಒಟ್ಟಿಗೆ ಉದ್ಧರಣ ಚಿಹ್ನೆಯೊಳಗೆ ಬರೆಯಲೇಬೇಕು. ಇಲ್ಲದಿದ್ದರೆ ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ಆ ‘>’ ಅನ್ನು ‘ಈ ಫೈಲಿಗೆ ಬರೆ’ ಎಂದು ಓದಿ ಮುಂದಿರುವ ಹೆಸರಿನ ಫೈಲನ್ನೇ ಖಾಲಿ ಮಾಡಿಬಿಡುತ್ತದೆ. ಚೌಕವೇ ಬೇಕಿದ್ದರೆ ಮೊದಲು ಅನುಪಾತ ಕೆಡದಂತೆ ಕುಗ್ಗಿಸಿ, ಆಮೇಲೆ ‘ಎಕ್ಸ್‌ಟೆಂಟ್’ನಿಂದ ಸುತ್ತ ಬಿಳಿ ಅಂಚು ತುಂಬಿ. ಎಲ್ಲಕ್ಕೂ ಮೊದಲು ಮೂರು ಚಿತ್ರಗಳ ಮೇಲೆ ಓಡಿಸಿ ನೋಡಿ: ಒಂದು ಅಡ್ಡ, ಒಂದು ಉದ್ದ, ಒಂದು ಫೋನಿನಲ್ಲಿ ತೆಗೆದದ್ದು.

ಫೋನಿನದು ಯಾಕೆಂದರೆ, ಫೈಲ್ ಹಗುರಾಗಲೆಂದು ‘ಸ್ಟ್ರಿಪ್’ ಆಯ್ಕೆ ಸೇರಿಸುವವರು ಬಹಳ. ಅದು ತಿರುಗುವಿಕೆಯ ಮಾಹಿತಿಯನ್ನೂ ಕಿತ್ತುಹಾಕುತ್ತದೆ, ಚಿತ್ರ ಮಗ್ಗುಲಾಗಿ ಬೀಳುತ್ತದೆ. ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಪ್ರೊಫೈಲೂ ಹೋಗುತ್ತದೆ. ಐಫೋನ್ ಫೋಟೋಗಳು ಹೆಚ್ಚು ಬಣ್ಣ ಹಿಡಿಯುವ ಡಿಸ್‌ಪ್ಲೇ ಪಿ3 ಪ್ರೊಫೈಲಿನಲ್ಲಿರುತ್ತವೆ. ಅದನ್ನು ಕಿತ್ತರೆ ಬ್ರೌಸರ್ ವೆಬ್‌ನ ಮಾಮೂಲಿ ಪ್ರೊಫೈಲಾದ ಎಸ್‌ಆರ್‌ಜಿಬಿ ಎಂದುಕೊಂಡು ಬಣ್ಣವನ್ನು ಮಂಕಾಗಿಸುತ್ತದೆ. ಸೀರೆ ಮಾರುವವರಿಗೆ ಇದು ನೇರ ನಷ್ಟ: ಗಿರಾಕಿ ಒಂದು ಕೆಂಪು ನೋಡಿ ಕೊಂಡಿರುತ್ತಾರೆ, ಮನೆಗೆ ಇನ್ನೊಂದು ಕೆಂಪು ಬರುತ್ತದೆ, ಸೀರೆ ವಾಪಸ್ ಆಗುತ್ತದೆ. ಹಾಗಾಗಿ ಕ್ರಮ ತಪ್ಪಬಾರದು. ಮೊದಲು ಚಿತ್ರವನ್ನು ನೇರ ಮಾಡುವ ‘ಆಟೋ-ಓರಿಯೆಂಟ್’, ಆಮೇಲೆ ಎಸ್‌ಆರ್‌ಜಿಬಿಗೆ ಪರಿವರ್ತನೆ, ಆಮೇಲೆ ರೀಸೈಜ್, ಕೊನೆಗೆ ಸ್ಟ್ರಿಪ್.

ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲಿನ ಬಿಳಿ ಚಿತ್ತಾರ ಸ್ಪಷ್ಟ ಕಾಣಬೇಕಿದ್ದರೆ ಇನ್ನೊಂದು ಗಮನಿಸಿ. ಜೆಪೆಗ್‌ನಲ್ಲಿ 4:2:0 ಎಂಬ ಮಾದರಿ 2 × 2 ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇಡುತ್ತದೆ. ಕೆಂಪು-ಬಿಳಿ ಅಂಚು ಅದರಿಂದಲೇ ಕದಡಿದಂತೆ ಕಾಣುವುದು. ಅಂಥ ಚಿತ್ರಗಳಿಗೆ ಪ್ರತಿ ಪಿಕ್ಸೆಲ್‌ಗೂ ಬಣ್ಣ ಇಡುವ 4:4:4 ಆಯ್ದುಕೊಳ್ಳಿ, ಗುಣಮಟ್ಟ 85ರ ಆಸುಪಾಸು ಇರಲಿ. ಫೈಲ್ ಸ್ವಲ್ಪ ಭಾರವಾದರೂ ಚಿಂತೆಯಿಲ್ಲ. ಒಮ್ಮೆ ಕುಗ್ಗಿಸಿದ ಜೆಪೆಗ್ ಅನ್ನು ಮತ್ತೆ ಮತ್ತೆ ಸೇವ್ ಮಾಡಬೇಡಿ, ಪ್ರತಿ ಸಲವೂ ಸವೆಯುತ್ತದೆ. ಬೇರೆ ಅಳತೆ ಬೇಕಾದರೆ ಮೂಲದಿಂದಲೇ ತೆಗೆಯಿರಿ.

ಹಿನ್ನೆಲೆ ತೆಗೆದ ಪಿಎನ್‌ಜಿಯನ್ನು ಜೆಪೆಗ್ ಮಾಡುವಾಗ ಬಿಳಿ ಹಿನ್ನೆಲೆ ಹೇಳದಿದ್ದರೆ ಪಾರದರ್ಶಕ ಜಾಗ ಕಪ್ಪಾಗಬಹುದು. ಫೋಟೋಗ್ರಾಫರ್ ವಾಟ್ಸ್ಆ್ಯಪ್‌ನಲ್ಲಿ ಫೋಟೋಗಳನ್ನು ಮಾಮೂಲಿನಂತೆ ಕಳಿಸಿದರೆ ಕೈಗೆ ಬರುವ ಹೊತ್ತಿಗೇ ಅವು ಕುಗ್ಗಿರುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡುವುದು ಮೂಲಗಳು ಎರಡು ಬೇರೆ ಡಿಸ್ಕ್‌ಗಳಲ್ಲಿ ತೆರೆದುಕೊಂಡ ಮೇಲಷ್ಟೇ.